‘ಹ’ದಿಂದ ‘ಅ’ಕ್ಕೆ ಒಂಬತ್ತು ತಿಂಗಳು

ಮನುಷ್ಯನಿಗೆ ಬರುವ ಕಷ್ಟವು ಅವನ ಅಹಂಕಾರ ಎಲ್ಲಿ ಮನೆ ಮಾಡಿಕೊಂಡಿದೆಯೋ ಅಲ್ಲಿಗೇ ವಿಳಾಸ ವಿಚಾರಿಸಿಕೊಂಡು ಬಂದು ಕೂರುತ್ತದೆ ಎಂಬುದು ಗಂಭೀರವಾಗಿ ಆಲೋಚಿಸತಕ್ಕ ಸಂಗತಿ. ಆದರೆ ನನ್ನ ವಿಷಯದಲ್ಲಿ ಈ ತತ್ವ ಪೂರ್ತಿಯಾಗಿ ನಿಲ್ಲುವುದಿಲ್ಲ. ನನ್ನ ಕೈಬರಹ, ನನ್ನ ತಲೆಗೂದಲು, ನಾನು ಬೆರೆಸುವ ಕಾಫಿ, ಇವೆಲ್ಲದರ ಮೇಲೂ ನನಗೆ ಸರಿಸಮನಾದ ಅಹಂಕಾರವಿತ್ತು. ಅವಕ್ಕೆ ಏನೂ ಆಗಲಿಲ್ಲ. ಹೋದದ್ದು ಧ್ವನಿ ಒಂದೇ.

ಆ ಧ್ವನಿಯ ಬಗ್ಗೆ ಎರಡು ಮಾತು ಹೇಳುವುದು ನನ್ನ ಕರ್ತವ್ಯ. ಮೂವತ್ತೊಂದು ವರ್ಷ ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ನಾನು ಹಳಗನ್ನಡ ಪದ್ಯ ಓದಲು ಶುರು ಮಾಡಿದರೆ ರಸ್ತೆಯ ಆಚೆ ಬದಿಯ ಪಂಕ್ಚರ್ ಅಂಗಡಿಯವರು ಕೆಲಸ ನಿಲ್ಲಿಸಿ ಕೂತುಬಿಡುತ್ತಿದ್ದರು. ಕಾವ್ಯದ ಶಕ್ತಿ ಎಂದು ನಾನು ತಿಳಿದಿದ್ದೆ. ನಾನು ಓದುವಾಗ ಟ್ಯೂಬಿನಿಂದ ಗಾಳಿ ಸೋರುವ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲವಂತೆ. ನಾನು ನಿವೃತ್ತನಾದ ದಿನ ಬಂದು, ಕೈ ಕುಲುಕಿ, ಹೇಳಿಹೋದರು.

ಶಾಲೆಯ ಹೊರಗೂ ಆ ಧ್ವನಿಗೆ ಒಂದು ಹುದ್ದೆಯಿತ್ತು. ನಮ್ಮ ಕನ್ನಡ ಸಭೆಯ, ಅಂದರೆ ಚರ್ಚಿನ, ಭಾನುವಾರದ ಆರಾಧನೆಯಲ್ಲಿ ಬೈಬಲಿನಿಂದ ಎರಡು ಪಾಠ ಓದುವುದು ಪದ್ಧತಿ. ಹಳೆಯ ಒಡಂಬಡಿಕೆಯಿಂದ ಒಂದು, ಹೊಸ ಒಡಂಬಡಿಕೆಯಿಂದ ಒಂದು. ಇಪ್ಪತ್ತಾರು ವರ್ಷ ಎರಡನ್ನೂ ನಾನೇ ಓದಿದೆ. ಬೇರೆ ಯಾರಿಗೂ ಕೊಡಬಾರದೆಂದು ಸಭೆಯಲ್ಲಿ ನಿಯಮವೇನೂ ಇರಲಿಲ್ಲ. ಕೇಳಲು ಯಾರಿಗೂ ಧೈರ್ಯ ಬಂದಿರಲಿಲ್ಲ, ಅಷ್ಟೆ.

ಕಳೆದ ಕ್ರಿಸ್‌ಮಸ್ಸಿನಲ್ಲಿ ಮನೆಮನೆಗೆ ಹೋಗಿ ಹಾಡುವಾಗ ನನ್ನ ಹೆಂಡತಿ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಮೆಚ್ಚಿಕೆ ಎಂದುಕೊಂಡು ಇನ್ನೊಂದು ಚರಣ ಹೆಚ್ಚಿಗೆ ಹಾಡಿದೆ. ಮನೆಗೆ ಬಂದ ಮೇಲೆ ಅವಳು ಹೇಳಿದಳು: “ರೀ, ನೀವು ಹಾಡ್ತಾ ಇದ್ರೆ ಕುತ್ತಿಗೇಲಿ ಒಂದು ಗಂಟು ಮೇಲೆ ಕೆಳಗೆ ಓಡಾಡ್ತಾ ಇದೆ.”

ಥೈರಾಯ್ಡ್ ಗಂಟು. ಜನವರಿಯಲ್ಲಿ ಆಪರೇಷನ್ ಆಯಿತು. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದರು. ಅದು ಸಾಧುಪ್ರಾಣಿ, ಯಾರಿಗೂ ಕೇಡು ಬಯಸಿದ್ದಲ್ಲ ಎಂದು ವರದಿ ಬಂತು. ಆ ವರದಿ ಕೈಗೆ ಬಂದ ಗಳಿಗೆಯಲ್ಲಿ ನಾನು “ಕರ್ತನಿಗೆ ಸ್ತೋತ್ರ” ಎಂದೆ. ಪಕ್ಕದಲ್ಲೇ ನಿಂತಿದ್ದ ಹೆಂಡತಿ “ಏನಂದ್ರಿ?” ಎಂದಳು.

ಧ್ವನಿಯ ನರ ಆ ಗಂಟಿನ ಹಿಂದೆಯೇ ದಾರದ ಹಾಗೆ ಹಾದುಹೋಗುತ್ತದಂತೆ. ಅದಕ್ಕೆ ಏಟು ಬೀಳಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಕಾಗದದ ಮೇಲೂ ಬರೆದಿತ್ತು, ನಾನು ರುಜುವನ್ನೂ ಹಾಕಿದ್ದೆ. ಕೈಬರಹದ ಮೇಲಿನ ಅಭಿಮಾನದಿಂದ ರುಜುವಿನ ಕಡೆಗೇ ಗಮನ ಕೊಟ್ಟಿದ್ದೆ, ಮೇಲಿದ್ದದ್ದನ್ನು ಓದಿರಲಿಲ್ಲ.

“ನರ ಕಟ್ ಆಗಿಲ್ಲ ಸಾರ್, ಸ್ವಲ್ಪ ಎಳೆದಂಗಾಗಿದೆ ಅಷ್ಟೆ,” ಎಂದರು ಡಾಕ್ಟರಮ್ಮ. ನಮ್ಮ ಮಗಳ ವಯಸ್ಸಿನವರು. “ಎಡಗಡೆ ಧ್ವನಿತಂತು ಅಲ್ಲಾಡ್ತಾ ಇಲ್ಲ. ಆರು ತಿಂಗಳು, ಹೆಚ್ಚು ಅಂದ್ರೆ ಒಂದು ವರ್ಷ. ಅಷ್ಟರೊಳಗೆ ವಾಪಸ್ ಬರಬಹುದು.”

“ಬರದೇ ಇದ್ರೆ?” ಎಂದಳು ಹೆಂಡತಿ.

“ಬರದೇ ಇದ್ರೆ ಇದೇ ಧ್ವನಿ ಅಂತ ಅಂದ್ಕೋಬೇಕಾಗುತ್ತೆ.”

ಇದೇ ಧ್ವನಿ ಎಂದರೆ ಯಾವ ಧ್ವನಿ? ಬರೀ ಪಿಸುಮಾತು. ಪಿಸುಮಾತಿನಲ್ಲಿ ವಿಜಯನಗರದಲ್ಲಿ ಬದುಕುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಮನುಷ್ಯನ ಸ್ವಭಾವ ವಿಚಿತ್ರ: ನಾವು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ. ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಕೆಳಗಿರುವ ಔಷಧಿ ಅಂಗಡಿಯಲ್ಲಿ ನಾನು “ಕೆಮ್ಮಿನ ಸಿರಪ್” ಎಂದು ಪಿಸುಗುಟ್ಟಿದೆ. ಅಂಗಡಿಯವನು ಅತ್ತಿತ್ತ ನೋಡಿ, ಕೌಂಟರಿನ ಮೇಲೆ ಬಗ್ಗಿ, “ಯಾರಿಗ್ ಸಾರ್, ನಿಮಗೇನಾ?” ಎಂದು ನನಗಿಂತ ಮೆಲ್ಲಗೆ ಕೇಳಿದ. ಸಿರಪ್ಪನ್ನು ಕಪ್ಪು ಕವರಿನಲ್ಲಿ ಸುತ್ತಿ ಕೊಟ್ಟ. ತರಕಾರಿ ಗಾಡಿಯ ಹೆಂಗಸು ನಾನು ಕೈಸನ್ನೆ ಮಾಡುವುದನ್ನು ನಾಲ್ಕು ದಿನ ನೋಡಿ ಐದನೆಯ ದಿನ ಕೇಳಿದಳು: “ಎಷ್ಟ್ ದಿನದ ಮೌನವ್ರತ ಸಾರ್? ನಮ್ಮತ್ತೇನೂ ಇಟ್ಕೊಂಡಿದ್ರು, ಮೂರನೇ ದಿನಕ್ಕೆ ಬೈದುಬಿಟ್ರು.”

ಧ್ವನಿಯನ್ನು ಮರಳಿ ಕರೆತರಲು ಮಹಾಲಕ್ಷ್ಮಿ ಲೇಔಟಿನ ಒಬ್ಬ ಹುಡುಗಿಯ ಹತ್ತಿರ ವಾರಕ್ಕೊಮ್ಮೆ ಹೋಗಬೇಕಾಯಿತು. ಮಾತು ಕಲಿಸುವುದು ಅವಳ ಉದ್ಯೋಗ. ಮೊದಲನೆಯ ದಿನ ನನ್ನನ್ನು ಕೂರಿಸಿ, “ಸಾರ್, ‘ಅ’ ಅನ್ನಿ,” ಎಂದಳು.

ಅರವತ್ತೆರಡನೆಯ ವಯಸ್ಸಿನಲ್ಲಿ, ಸಾವಿರಾರು ಮಕ್ಕಳಿಗೆ ಕನ್ನಡ ಹೇಳಿಕೊಟ್ಟ ಮೇಷ್ಟರನ್ನು ವರ್ಣಮಾಲೆಯ ಮೊದಲನೆಯ ಅಕ್ಷರ ಹೇಳು ಎನ್ನುವುದು! ಆದರೂ ಹೇಳಿದೆ.

“ಅಲ್ಲ ಸಾರ್. ನೀವು ‘ಹ’ ಅಂತಿದೀರ. ನನಗೆ ‘ಅ’ ಬೇಕು.”

ಮತ್ತೆ ಹೇಳಿದೆ.

“ಮತ್ತೆ ‘ಹ’.”

ಅವಳು ಚಿತ್ರ ಬರೆದು ತೋರಿಸಿದಳು. ಗಂಟಲಿನಲ್ಲಿ ಎರಡು ತಂತುಗಳು. ಎರಡೂ ಬಂದು ಒಂದನ್ನೊಂದು ಮುಟ್ಟಿದರೆ ‘ಅ’. ಒಂದು ಬಂದು ಇನ್ನೊಂದು ಬರದಿದ್ದರೆ ನಡುವೆ ಗಾಳಿ ಸೋರಿಹೋಗುತ್ತದೆ, ಅದು ‘ಹ’. ಇಷ್ಟು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ಈ ಎರಡು ಅಕ್ಷರಗಳ ನಡುವಿನ ದೂರ ಒಂದು ಕೂದಲೆಳೆಯಷ್ಟು ಎಂದು ಆ ದಿನ ತಿಳಿಯಿತು. ಆ ಕೂದಲೆಳೆಯನ್ನು ದಾಟುವುದಕ್ಕೆ ಅವಳು ಕೊಟ್ಟ ಉಪಾಯ: ದಿನಕ್ಕೆ ಮೂರು ಸಲ ಎರಡೂ ಕೈಯಿಂದ ಗೋಡೆಯನ್ನು ಬಲವಾಗಿ ತಳ್ಳುತ್ತಾ ‘ಅ’ ಎನ್ನಬೇಕು.

ತಳ್ಳಿದೆ. ನಾವಿರುವುದು ಹೊಸಹಳ್ಳಿಯ ಒಂದು ಮನೆಯ ಮೊದಲನೆಯ ಮಹಡಿಯಲ್ಲಿ ಬಾಡಿಗೆಗೆ. ಕೆಳಗಡೆ ಮನೆಯ ಯಜಮಾನರು, ಹಳೆಯ ಊರಿನ ಒಕ್ಕಲು ಮನೆತನದವರು. ಒಂದು ವಾರ ಸಹಿಸಿಕೊಂಡು ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರು.

“ಸಾರ್, ಗೋಡೆ ತಳ್ತಾ ಇದೀರಂತೆ?”

ಹೆಂಡತಿ ಎಲ್ಲವನ್ನೂ ವಿವರಿಸಿದಳು. ಅವರು ಗೋಡೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಇದು ನಮ್ಮ ತಾತನ ರಾಗಿ ಹೊಲ ಇದ್ದ ಜಾಗ. ನಾನೇ ನಿಂತು ಪಾಯ ಹಾಕ್ಸಿದ್ದು, ಗಟ್ಟಿಯಾಗಿದೆ. ನೀವೇನೂ ಯೋಚನೆ ಮಾಡ್ಬೇಡಿ, ತಳ್ಳಿ. ಆದ್ರೆ ರೋಡ್ ಕಡೆ ಗೋಡೆ ಬೇಡ, ಈ ಕಡೇದು ತಳ್ಳಿ.” ಹೋಗುವಾಗ ಹೆಂಡತಿಯ ಕಡೆ ತಿರುಗಿ, “ನಮ್ಮನೆಯವಳೂ ದೇವ್ರಿಗೆ ಹೇಳ್ಕೊಂಡವಳೆ,” ಎಂದರು. ಯಾವ ದೇವರಿಗೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ದಿನ ಅವರ ಮನೆಯಿಂದ ಒಬ್ಬಟ್ಟು ಬಂತು.

ಮನೆಯಲ್ಲಿ ಬೆಳಗಿನ ಪ್ರಾರ್ಥನೆ ನಮ್ಮ ಮದುವೆಯಾದಂದಿನಿಂದ ತಪ್ಪಿಲ್ಲ. ನಾನು ಪ್ರಾರ್ಥಿಸುವುದು, ಅವಳು ‘ಆಮೆನ್’ ಎನ್ನುವುದು. ಈಗ ಅದು ಅದಲುಬದಲಾಯಿತು. ನನ್ನ ಪ್ರಾರ್ಥನೆಗಳು ಸಂಧಿ ಸಮಾಸಗಳಿಂದ ಕೂಡಿ, ಇಳಿಜಾರಿನಲ್ಲಿ ಬರುವ ಲಾರಿಯ ಹಾಗೆ ನಿಲ್ಲುವ ಸೂಚನೆಯಿಲ್ಲದೆ ಬರುತ್ತಿದ್ದವು. ಅವಳದು ಮೂರೇ ಮಾತು: “ಕರ್ತನೇ, ಇವತ್ತು ಕಾಪಾಡು. ಮಗಳನ್ನ ಕಾಪಾಡು. ಇವರಿಗೆ ಧ್ವನಿ ಕೊಡು.” ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ನಾನು ಮೇಜಿನ ಮೇಲೆ ಒಂದು ಸಲ ಕುಟ್ಟುವವರೆಗೂ ಏಳುತ್ತಿರಲಿಲ್ಲ. ಅದೇ ನನ್ನ ‘ಆಮೆನ್’. ಒಂದು ದಿನ ಸಿಟ್ಟಿನಲ್ಲಿ ಕುಟ್ಟದೆ ಕೂತೆ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುವ ವಾಸನೆ ಬಂತು. ಅವಳು ಕದಲಲಿಲ್ಲ. ಕೊನೆಗೆ ನಾನೇ ಕುಟ್ಟಿದೆ.

ಸಭೆಯಲ್ಲಿ ನನ್ನ ಜಾಗಕ್ಕೆ ಬಂದವರು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಕೆಂಗೇರಿಯ ಆಚೆಯ ಹಳ್ಳಿಯವರು. ಮೂವತ್ತು ವರ್ಷ ಬಸ್ಸಿನಲ್ಲಿ ನಿಲ್ದಾಣಗಳ ಹೆಸರು ಕೂಗಿ ಕೂಗಿ ಧ್ವನಿ ಕಂಚಾಗಿತ್ತು. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಅವರಿಗೆ “ಮೇಷ್ಟರು ಹುಷಾರಾಗೋವರೆಗೂ ನೀವು ಓದಿ” ಎಂದು ಹೇಳಿದ್ದರು. ಅವರಲ್ಲಿ ದೋಷವೆಂದು ಹೇಳಬಹುದಾದದ್ದು ಒಂದೇ: ಅವರ ಬಾಯಲ್ಲಿ ‘ಹ’ ಇರಲಿಲ್ಲ. ಹಸು ‘ಅಸು’, ಹೊಲ ‘ಒಲ’. ಮೊದಲನೆಯ ಭಾನುವಾರವೇ ದೇವಜನರಿಗೆ ವಾಗ್ದಾನವಾದ ನಾಡಿನ ಭಾಗ ಬಂತು. ಅವರು ಎದೆ ತುಂಬ ಉಸಿರೆಳೆದುಕೊಂಡು “ಆಲೂ ಜೇನೂ ಅರಿಯುವ ದೇಶ” ಎಂದು ಓದಿದರು.

ಆಲೂಗಡ್ಡೆ ಮತ್ತು ಜೇನು. ಸಭೆಯಲ್ಲಿ ಯಾರೂ ನಗಲಿಲ್ಲ. ನಮ್ಮ ಸಭೆ ಭಕ್ತಿಯುಳ್ಳ ಸಭೆ. ನಾನು ಮಾತ್ರ ಬೆಂಚಿನ ಅಂಚನ್ನು ಹಿಡಿದುಕೊಂಡು ಕೂತಿದ್ದೆ.

ಅದಕ್ಕಿಂತ ದೊಡ್ಡ ಪರೀಕ್ಷೆ ಫೆಬ್ರವರಿಯಲ್ಲಿ, ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವ ಪ್ರಭುಭೋಜನದಲ್ಲಿ ಬಂತು. ಧ್ವನಿತಂತು ಮುಚ್ಚದಿದ್ದರೆ ನೀರು ಕುಡಿಯುವಾಗ ದಾರಿ ತಪ್ಪುತ್ತದೆ. ಗಲ್ಲವನ್ನು ಎದೆಗೆ ತಾಗಿಸಿ, ತಲೆಯನ್ನು ಎಡಕ್ಕೆ ತಿರುಗಿಸಿ ನುಂಗಬೇಕು ಎಂದು ಆ ಹುಡುಗಿ ಹೇಳಿಕೊಟ್ಟಿದ್ದಳು. ಮನೆಯಲ್ಲಿ ಕಾಫಿಯನ್ನು ಹಾಗೆಯೇ ಕುಡಿಯುತ್ತಿದ್ದೆ, ಎಡಗಡೆ ಕೂತವರ ಮೇಲೆ ಏನೋ ಅನುಮಾನ ಇರುವವನ ಹಾಗೆ. ದೇವರ ಮುಂದೆ ಮೊಣಕಾಲೂರಿದಾಗ ಆ ಉಪಾಯ ಮರೆತುಹೋಯಿತು. ಪುಟ್ಟ ಲೋಟದ ದ್ರಾಕ್ಷಾರಸವನ್ನು ತಲೆಯೆತ್ತಿ ಕುಡಿದೆ. ಆಮೇಲೆ ಬಂದ ಕೆಮ್ಮಿಗೆ ಅಯ್ಯನವರು ಆರಾಧನೆಯನ್ನೇ ನಿಲ್ಲಿಸಿ ಕಾದರು.

ಹೊರಗೆ ಬಂದಾಗ ಸಭೆಯ ಹಿರಿಯ ಅಜ್ಜಿಯೊಬ್ಬರು ನನ್ನ ತೋಳು ಹಿಡಿದುಕೊಂಡರು. ಅಯೋಗ್ಯವಾಗಿ ಪ್ರಭುಭೋಜನ ತೆಗೆದುಕೊಂಡರೆ ಏನಾಗುತ್ತದೆ ಎಂಬ ಬಗ್ಗೆ ಅವರಿಗೆ ಸ್ಪಷ್ಟವಾದ ಅಭಿಪ್ರಾಯಗಳಿದ್ದವು.

“ಏನಾದ್ರೂ ಮನಸ್ನಲ್ಲಿ ಇಟ್ಕೊಂಡಿದ್ರೆ ಅಯ್ಯನವರ ಹತ್ರ ಹೇಳ್ಕೊಂಬಿಡಪ್ಪ,” ಎಂದರು.

ಅಂಥದ್ದೇನೂ ಇಲ್ಲ ಎಂದು ವಿವರಿಸಲು ಅವರ ಕಿವಿಯ ಹತ್ತಿರ ಬಗ್ಗಿದೆ. ನಾನು ಪಿಸುಗುಟ್ಟುತ್ತಿರುವುದನ್ನೂ ಅಜ್ಜಿ ತಲೆಯಾಡಿಸುತ್ತಿರುವುದನ್ನೂ ಇಡೀ ಸಭೆ ಮೆಟ್ಟಿಲ ಮೇಲಿಂದ ನೋಡಿತು. ಅಜ್ಜಿಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಎಲ್ಲ ಕೇಳಿದ ಮೇಲೆ ನನ್ನ ಕೆನ್ನೆ ತಟ್ಟಿ, “ದೇವರು ಕ್ಷಮಿಸ್ತಾನೆ ಬಿಡು,” ಎಂದರು. ಆ ಮಾತು ಎಲ್ಲರಿಗೂ ಕೇಳಿಸಿತು.

ಜೂನ್ ತಿಂಗಳಿಗೆ ಆರು ತಿಂಗಳು ತುಂಬುತ್ತ ಬಂತು. ಡಾಕ್ಟರಮ್ಮ ಮೂಗಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಎಡಗಡೆಯ ತಂತು ಹಾಗೆಯೇ ಮಲಗಿತ್ತು. “ಇನ್ನೂ ಟೈಮ್ ಇದೆ,” ಎಂದರು. ಆದರೆ ಮೊದಲಿನ ಹಾಗೆ ನನ್ನ ಮುಖ ನೋಡಿ ಹೇಳಲಿಲ್ಲ. ಪರದೆಯನ್ನು ನೋಡಿ ಹೇಳಿದರು.

ಇಲ್ಲಿಯವರೆಗೆ ತಮಾಷೆಯಾಗಿ ಬರೆದಿದ್ದೇನೆ. ಆಗ ಅದು ತಮಾಷೆಯಾಗಿರಲಿಲ್ಲ. ಮುಂದಿನ ಭಾನುವಾರ ಹೆಂಡತಿ ಸೀರೆಯುಟ್ಟು ನಿಂತಾಗ ಮಾತಿಗೆ ಬದಲಾಗಿ ಇಟ್ಟುಕೊಂಡಿದ್ದ ಸ್ಲೇಟಿನ ಮೇಲೆ ‘ನಾನು ಬರುವುದಿಲ್ಲ’ ಎಂದು ಬರೆದು ತೋರಿಸಿದೆ. ಒಳ್ಳೆಯ ಅಕ್ಷರದಲ್ಲೇ ಬರೆದಿದ್ದೆ.

“ಯಾಕೆ?”

‘ಅಲ್ಲಿ ನನ್ನ ಕೆಲಸ ಇಲ್ಲ’ ಎಂದು ಬರೆದೆ.

ಅವಳು ಸ್ಲೇಟನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು. “ಇಷ್ಟು ವರ್ಷ ನಿಮ್ಮ ಧ್ವನಿ ಕೇಳೋಕೇಂತ ದೇವರು ಬರ್ತಾ ಇದ್ನಾ? ಏಳಿ, ಚಪ್ಪಲಿ ಹಾಕ್ಕೊಳ್ಳಿ. ಆಟೋ ಕಾಯ್ತಾ ಇದೆ.”

ಹೋದೆ. ಮೊದಲ ಪಾಠದಲ್ಲಿ ಮತ್ತೆ ಆ ವಾಗ್ದಾನದ ನಾಡಿಗೆ ಹೊರಟ ಜನರ ಅರಣ್ಯಪ್ರಯಾಣದ ಭಾಗವೇ ಬಂತು. ಇಪ್ಪತ್ತಾರು ವರ್ಷದಲ್ಲಿ ಅದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಓದುವಾಗಲೆಲ್ಲ ನನ್ನ ಗಮನ ಮಹಾಪ್ರಾಣಗಳ ಮೇಲೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಏರಿಸಬೇಕು ಎನ್ನುವುದರ ಮೇಲೆ. ಆ ದಿನ ಕಂಡಕ್ಟರು ತಮ್ಮ ಪಾಡಿಗೆ ‘ಹ’ಗಳನ್ನೆಲ್ಲ ಇಳಿಸಿ ಓದುತ್ತಿದ್ದರು; ನಾನು ಮಾಡುವುದಕ್ಕೇನೂ ಇಲ್ಲದೆ, ಕೇಳಿಸಿಕೊಂಡೆ. ಆ ಜನ ನಲವತ್ತು ವರ್ಷ ನಡೆದಿದ್ದರು. ದಾರಿಯುದ್ದಕ್ಕೂ ಗೊಣಗಿದ್ದರು. ಗೊಣಗುವವರನ್ನೇ ದೇವರು ನಡೆಸಿಕೊಂಡು ಹೋಗಿದ್ದ, ಬಿಟ್ಟು ಹೋಗಿರಲಿಲ್ಲ. ಇಷ್ಟು ಸಲ ಜೋರಾಗಿ ಓದಿದ್ದರೂ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ. ತಲೆ ತಗ್ಗಿಸಿ, ನನ್ನಲ್ಲಿ ಉಳಿದಿದ್ದ ಉಸಿರಿನಲ್ಲೇ ಒಂದು ಪ್ರಾರ್ಥನೆ ಮಾಡಿದೆ. ಅದರಲ್ಲಿ ಒಂದೂ ಸಮಾಸವಿರಲಿಲ್ಲ. ‘ಕರ್ತನೇ, ಧ್ವನಿ ಕೊಟ್ಟರೆ ಕೊಡು. ಕೊಡದಿದ್ದರೂ ನನ್ನನ್ನು ಬಿಡಬೇಡ.’ ಅಷ್ಟೇ. ತೊಂದರೆಯೇನೂ ತೀರಲಿಲ್ಲ. ಆದರೆ ಆ ಮಧ್ಯಾಹ್ನ ಊಟ ರುಚಿಯಾಯಿತು. ಬಹಳ ದಿನದಿಂದ ಆಗಿರಲಿಲ್ಲ.

ಮಾರನೆಯ ಸಂಜೆ ಕಂಡಕ್ಟರು ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣು. “ಎಂಗಿದೀರಾ ಮೇಷ್ಟ್ರೇ?” ಎಂದು ಕೂತರು. ಸ್ವಲ್ಪ ಹೊತ್ತು ಚಾವಣಿ ನೋಡಿದರು. ಆಮೇಲೆ ಶುರು ಮಾಡಿದರು:

“ಒಂದ್ ಮಾತು. ನಾನು ಓದ್ತಾ ಇದ್ರೆ ನಿಮ್ಮ ಮುಖ ನೋಡಕ್ಕಾಗಲ್ಲ. ಎಲ್ಲೋ ತಪ್ಪು ಮಾಡ್ತಾ ಇದೀನಿ ಅಂತ ಗೊತ್ತಾಯ್ತದೆ. ಏನು ಅಂತ ಗೊತ್ತಾಗಲ್ಲ. ಬೇಜಾರಿಲ್ದೆ ಏಳಿ ಮೇಷ್ಟ್ರೇ.”

ನಾನು ಎದ್ದು ನಿಂತೆ.

“ಯಾಕ್ ಎದ್ರಿ? ಕೂತ್ಕೊಂಡೇ ಏಳಿ.”

ಕೂತುಕೊಂಡು ಏಳುವುದು ಹೇಗೆಂದು ನಾನು ಗಾಬರಿಯಾಗಿ ನೋಡುತ್ತಿದ್ದಾಗ ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ರೀ, ಅವರು ಹೇಳಿ ಅಂತಿದಾರೆ ಕಣ್ರೀ!”

ಹೀಗೆ ಪಾಠ ಶುರುವಾಯಿತು. ಸ್ಲೇಟಿನ ಮೇಲೆ ‘ಹ’ ಎಂದು ಬರೆದು, ಅವರ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಗಾಳಿ ಬಿಟ್ಟೆ. “ಹ.” ನನಗೆ ಚೆನ್ನಾಗಿ ಬರುತ್ತಿದ್ದ ಅಕ್ಷರ ಆಗ ಅದೊಂದೇ.

ಅವರು ತಮ್ಮ ಅಂಗೈಗೆ ಹೇಳಿಕೊಂಡರು: “ಅ!” ಕಿಟಕಿಯ ಗಾಜು ನಡುಗಿತು.

ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಆ ಹುಡುಗಿ ಐದು ತಿಂಗಳಿಂದ ನನ್ನಿಂದ ಬೇಡುತ್ತಿದ್ದ ‘ಅ’ ಈ ಮನುಷ್ಯನ ಬಾಯಲ್ಲಿ ಪುಕ್ಕಟೆಯಾಗಿ ಬಿದ್ದಿತ್ತು. ಅವರಿಗೆ ಹುಟ್ಟಿದಂದಿನಿಂದ ಬಾರದ ‘ಹ’ ನನ್ನಲ್ಲಿ ಸೋರಿ ಹೋಗುತ್ತಿತ್ತು. ಇಬ್ಬರೂ ಸೇರಿದರೆ ಒಬ್ಬ ಓದುಗ ಆಗಬಹುದಿತ್ತು. ಇದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ಓದಿ, ತೊಡೆ ತಟ್ಟಿಕೊಂಡು ನಕ್ಕರು.

“ನೀವು ಗಂಟ್ಲಲ್ಲಿ ಉಡುಕ್ತಾ ಇದೀರಿ ಮೇಷ್ಟ್ರೇ. ಅಲ್ಲಿಲ್ಲ ಅದು. ಒಟ್ಟೆಯಿಂದ ಬರ್ಬೇಕು. ಪುಟ್‌ಬೋರ್ಡ್ ಮೇಲೆ ನಿಂತವನನ್ನ ಒಳಗೆ ಕಳಿಸ್ಬೇಕು ಅಂದ್ಕೊಳ್ಳಿ. ಆಗ ಬತ್ತದೆ.”

ವಾರಕ್ಕೆ ಮೂರು ಸಂಜೆ ಬರುತ್ತಿದ್ದರು. ಬರಲಿರುವ ಭಾನುವಾರದ ಪಾಠವನ್ನು ಓದುವುದು, ‘ಹ’ ಬಂದ ಕಡೆ ನಾನು ಮೇಜು ಕುಟ್ಟುವುದು. ಕೊನೆಯಲ್ಲಿ ಅವರು ಪ್ರಾರ್ಥನೆ ಮಾಡುತ್ತಿದ್ದರು: “ಕರ್ತನೇ, ನಮ್ಮ ಮೇಷ್ಟ್ರ ಗಂಟ್ಲು ಬಿಡ್ಸಪ್ಪ.” ಬಸ್ಸಿಗೆ ‘ರೈಟ್’ ಎಂದು ಹೇಳಿದಷ್ಟೇ ಖಂಡಿತವಾಗಿ ಹೇಳುತ್ತಿದ್ದರು.

ಒಂದು ಸಂಜೆ ಅವರು ಹೋದ ಮೇಲೆ ನನಗೆ ನನ್ನ ತಾಯಿ ನೆನಪಾದಳು. ಅವಳ ಬಾಯಲ್ಲೂ ‘ಹ’ ಇರಲಿಲ್ಲ. ದೇವಸ್ತುತಿಯ ‘ಹಲ್ಲೆಲೂಯ’ವನ್ನು ಅವಳು ‘ಅಲ್ಲೆಲೂಯ’ ಎಂದೇ ಹೇಳುತ್ತಿದ್ದವಳು. ಮೇಷ್ಟ್ರ ತರಬೇತಿ ಮುಗಿಸಿ ಬಂದ ಹೊಸದರಲ್ಲಿ ನಾನು ಅದನ್ನು ನಾಲ್ಕು ಜನರ ಮುಂದೆ ತಿದ್ದಿದ್ದೆ. ಅವಳು ಆಮೇಲೆ ಜನರ ನಡುವೆ ಆ ಪದವನ್ನು ಹೇಳುವುದನ್ನೇ ಬಿಟ್ಟಳು. ಎಷ್ಟೋ ವರ್ಷಗಳ ಮೇಲೆ, ಹಳೆಯ ಕಾಲದ ಸಭೆಗಳಲ್ಲಿ ‘ಹ’ ಇಲ್ಲದೆಯೇ ಆ ಪದವನ್ನು ಹೇಳುತ್ತಿದ್ದರು ಎಂದು ಯಾವುದೋ ಲೇಖನದಲ್ಲಿ ಓದಿದೆ. ಆಗ ತಾಯಿ ಇರಲಿಲ್ಲ. ಈ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಂಡಕ್ಟರಿಗೆ ಮುಂದಿನ ಪಾಠದಲ್ಲಿ ಸ್ಲೇಟಿನ ಮೇಲೆ ಎರಡು ಸಲ ಒರೆಸಿ ಬರೆದು ತಿಳಿಸಿದೆ. ಅವರು ಓದಿಕೊಂಡು, “ದೇವ್ರಿಗೆ ಕೇಳ್ಸಿರ್ತದೆ ಬಿಡಿ,” ಎಂದರು.

ಆಗಸ್ಟಿನ ಹೊತ್ತಿಗೆ ಅವರಿಗೆ ‘ಹ’ ಬಂತು. ಬಂದದ್ದು ಸಂತೋಷವೇ, ಆದರೆ ಹೊಸದಾಗಿ ಗಾಡಿ ಕಲಿತವನು ಹಾರ್ನ್ ಹೊಡೆಯುವ ಹಾಗೆ, ಬೇಕಾದ ಕಡೆಯೂ ಬೇಡವಾದ ಕಡೆಯೂ ‘ಹ’ ಹಾಕತೊಡಗಿದರು. ಅರಸನು ‘ಹರಸನು’ ಆದ. ಆರಾಧನೆ ‘ಹಾರಾಧನೆ’ ಆಯಿತು. ಕೂಡದು ಎಂದು ನಾನು ಮೇಜು ಕುಟ್ಟಿದರೆ, ಸಾಲದೇನೋ ಎಂದುಕೊಂಡು ಇನ್ನೂ ಒತ್ತಿ ಹೇಳುತ್ತಿದ್ದರು. ನನ್ನ ಗಂಟಲಿನಲ್ಲಿ ಮಾತ್ರ ಏನೂ ಬದಲಾವಣೆಯಿಲ್ಲ. ಗೋಡೆ ತಳ್ಳುತ್ತಿದ್ದೆ, ಗಾಳಿ ಸೋರುತ್ತಿತ್ತು, ದಿನಗಳು ಹೋಗುತ್ತಿದ್ದವು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ವರ್ಷದ ಗಡುವಿನಲ್ಲಿ ಉಳಿದದ್ದು ಮೂರೇ ತಿಂಗಳು. ಹೆಂಡತಿ ಬೆಳಗಿನ ಮೂರು ಮಾತಿನಲ್ಲಿ ಮೂರನೆಯದನ್ನು ಒಂದು ದಿನವೂ ಬಿಡಲಿಲ್ಲ.

ಅಕ್ಟೋಬರ್ ಮೊದಲ ವಾರ, ಸಂಜೆ ಐದೂವರೆ. ಆ ದಿನದ ಪಾಠದಲ್ಲಿ ಒಬ್ಬ ಅರಸನು ಬಲಿ ಅರ್ಪಿಸುವ ಪ್ರಸಂಗ. ಕಂಡಕ್ಟರು ಕನ್ನಡಕ ಸರಿ ಮಾಡಿಕೊಂಡು, ಎದೆಯುಬ್ಬಿಸಿ, ಓದಿದರು: “ಹರಸನು ಏಳು ಹಾಡುಗಳನ್ನು ಕೊಯ್ದು…”

ಏಳು ಹಾಡುಗಳನ್ನು ಕೊಯ್ದನು! ಮೂವತ್ತೊಂದು ವರ್ಷದ ಮೇಷ್ಟ್ರುಗಿರಿ ಒಟ್ಟಿಗೆ ಮೇಲೆದ್ದು ಬಂತು. ಎರಡೂ ಕೈಯಿಂದ ಮೇಜನ್ನು ಹಿಡಿದು ತಳ್ಳಿದೆ.

“ಆ! ಆಡು!”

ಕಂಡಕ್ಟರು ಓದುವುದನ್ನು ನಿಲ್ಲಿಸಿದರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹೆಂಡತಿ ಬಂದು ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿದಳು.

“ಯಾರು ಕೂಗಿದ್ದು?”

“ನಾನಲ್ಲ ತಾಯಿ,” ಎಂದರು ಕಂಡಕ್ಟರು.

“ಇನ್ನೊಂದ್ಸಲ ಅನ್ನಿ,” ಎಂದಳು ನನಗೆ.

ಅಂದೆ. ಬರೀ ಗಾಳಿ. ಕೆಳಗಡೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು, ಅದೂ ಹಿಡಿಯುತ್ತಿರಲಿಲ್ಲ.

“ಪುಟ್‌ಬೋರ್ಡ್, ಮೇಷ್ಟ್ರೇ,” ಎಂದರು ಕಂಡಕ್ಟರು ಮೆಲ್ಲಗೆ. “ಪುಟ್‌ಬೋರ್ಡ್ ಮೇಲವ್ನೆ.”

ಮತ್ತೆ ತಳ್ಳಿದೆ. “ಅ.” ತುಕ್ಕು ಹಿಡಿದ ಗೇಟು ತೆರೆದ ಹಾಗೆ ಇತ್ತು. ಆದರೆ ‘ಅ’. ಗಡಿಯಾರದ ಸೆಕೆಂಡಿನ ಮುಳ್ಳು ಎರಡು ಸಲ ಕದಲುವಷ್ಟು ಹೊತ್ತು ನಿಂತಿತು. ಯಾರ ಕಿವಿಗೂ ಅನುಮಾನ ಬರುವ ಹಾಗಿರಲಿಲ್ಲ.

ಹೆಂಡತಿ ಅಲ್ಲೇ ಕುರ್ಚಿಯ ಮೇಲೆ ಕೂತಳು. ಕಂಡಕ್ಟರು ಪುಸ್ತಕ ಮುಚ್ಚಿ, ಎರಡೂ ಕೈ ಮೇಲೆತ್ತಿ, “ಕರ್ತನಿಗೆ ಸ್ತೋತ್ರ!” ಎಂದು ಕೂಗಿದರು. ಆಮೇಲೆ ಮನೆಯ ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಗೋಡೆ ಬಿತ್ತೇನೋ ಎಂದುಕೊಂಡಿದ್ದರಂತೆ. ವಿಷಯ ತಿಳಿದ ಮೇಲೆ ಅವರೂ ಕೂತರು. ಕಾಫಿ ಬಂತು. ನಾನು ಎಡಕ್ಕೆ ತಿರುಗಿ ಕುಡಿದೆ. ಎದೆಯ ಮೇಲಿಂದ ಒಂದು ದಪ್ಪ ಟ್ರಂಕನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗಿತ್ತು.

ಎರಡು ವಾರ ಬಿಟ್ಟು ಡಾಕ್ಟರಮ್ಮ ಮತ್ತೆ ಕ್ಯಾಮೆರಾ ಇಳಿಸಿದರು. ಎಡಗಡೆಯ ತಂತು ಅಲ್ಲಾಡುತ್ತಿತ್ತು. ಈ ಸಲ ಪರದೆಯನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದರು. “ಪೂರ್ತಿ ಬರಲ್ಲ ಸಾರ್. ಹಾಡೋದು ಕಷ್ಟ. ಓದಬಹುದು, ಮಾತಾಡಬಹುದು. ಕೂಗಬೇಡಿ.” ನನ್ನ ಹಾಡು ನಿಂತದ್ದಕ್ಕೆ ಸಭೆಯಲ್ಲಿ ಯಾರೂ ವಿಶೇಷವಾಗಿ ದುಃಖಪಟ್ಟ ಹಾಗೆ ಕಾಣಲಿಲ್ಲ.

ಅಯ್ಯನವರು ಸುದ್ದಿ ತಿಳಿದು ಫೋನ್ ಮಾಡಿದರು. “ಬರೋ ಭಾನುವಾರದಿಂದ ಎರಡೂ ಪಾಠ ನಿಮ್ಮದೇ ಮೇಷ್ಟರೇ,” ಎಂದರು. ಫೋನಿನಲ್ಲಿ ನನ್ನ ಧ್ವನಿ ಕೇಳಿ ಒಂದು ಕ್ಷಣ ಬೇರೆ ಯಾರೋ ಎಂದುಕೊಂಡರಂತೆ. ನಾನು ಒಂದು ದಿನ ಯೋಚನೆ ಮಾಡಿ, ಒಂದು ಸಾಕು ಎಂದೆ. ಹೆಂಡತಿ ಅದನ್ನು ಕೇಳಿ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಇದೆಯೇ ಎಂದು.

ನವೆಂಬರಿನ ಮೊದಲ ಭಾನುವಾರ ಕಂಡಕ್ಟರು ಹಳೆಯ ಒಡಂಬಡಿಕೆಯ ಪಾಠವನ್ನು ಓದಿದರು. ಹೊಸ ಒಡಂಬಡಿಕೆಯ ಪಾಠದಲ್ಲಿ ಒಂಬತ್ತು ವಾಕ್ಯಗಳಿದ್ದವು. ಅದನ್ನು ನಾನು ಓದಿದೆ.